ಹತ್ತೊಂಬತ್ತು ಮುಯ್ಯಾಳು

ದೇವೀರಮ್ಮ ಬೇಲೂರು ಬಸ್ಸು ಹತ್ತಿ, ಹಳೇಬೀಡಿಗೆ ಮೂರು ಸ್ಟಾಪು ಮುಂಚೆ ಗಂಟಿನಮ್ಮನ ಬಂಡೆಯ ಬಳಿ ಇಳಿದು, ಹೋದ ಕೆಲಸ ಮಾಡದೆ ಮುಂದಿನ ಬಸ್ಸಿಗೆ ವಾಪಸು ಬಂದದ್ದು ಒಂದೇ ಶ್ರಾವಣದಲ್ಲಿ ಮೂರು ಸಲ. ಮೊದಲೆರಡು ಸಲ ಒಬ್ಬರೇ ಹೋಗಿದ್ದರು. ಮೂರನೆಯ ಸಲ ಜೊತೆಗೆ ನಾನಿದ್ದೆ. ಅವರ ಮಗ ಸಿದ್ಧಾರ್ಥ ನನ್ನ ಹಳೆಯ ವಿದ್ಯಾರ್ಥಿ. ಅರಸೀಕೆರೆಯಲ್ಲಿ ಹೈಸ್ಕೂಲು ಮೇಷ್ಟ್ರು. ತಾಯಿಗೆ ಸ್ವಲ್ಪ ಬುದ್ಧಿ ಹೇಳಿ ಎಂದು ನನ್ನನ್ನು ಕಳಿಸಿದ್ದ. ಅರವತ್ತೆಂಟು ವರ್ಷ ಹೊಲದಲ್ಲಿ ಬಾಳಿದ ಹೆಂಗಸಿಗೆ ಚರಿತ್ರೆಯ ಪಾಠ ಹೇಳಿ ನಿವೃತ್ತಳಾದವಳು ಏನು ಬುದ್ಧಿ ಹೇಳಬೇಕೆಂದು ಅವನು ಯೋಚಿಸಿದ್ದಂತೆ ಕಾಣಲಿಲ್ಲ.

ಅವರ ಊರು ಹಾರನಹಳ್ಳಿಯಿಂದ ಎರಡು ಮೈಲಿ ಒಳಗೆ. ಮೇಲಿನ ಬೀದಿಯಲ್ಲಿ ತೆಂಗು, ರಾಗಿಯ ಜಮೀನ್ದಾರರು. ಕೆಳಗಿನ ಕೇರಿಯಲ್ಲಿ ದೇವೀರಮ್ಮನವರ ಜನ. ಈಗ ಕೇರಿಯ ಮಕ್ಕಳು ಓದಿ ಸಂಬಳ ತರುತ್ತಾರೆ. ಸಿದ್ಧಾರ್ಥನ ಮನೆಯ ಗೋಡೆಯ ಮೇಲೆ ಬುದ್ಧನಿದ್ದಾನೆ, ಅಂಬೇಡ್ಕರರಿದ್ದಾರೆ, ಬೇರೆ ಯಾರೂ ಇಲ್ಲ. ದೇವೀರಮ್ಮ ಇಬ್ಬರಿಗೂ ಹೂವು ಇಡುತ್ತಾರೆ. ಆದರೆ ಅವರು ದೂರು ಕೊಟ್ಟದ್ದು ಅವರಿಬ್ಬರ ಬಳಿ ಅಲ್ಲ.

ದೂರಿನ ವಿಷಯ ಹೇಳಬೇಕಾದರೆ ಮುಯ್ಯಾಳಿನ ವಿಷಯ ಹೇಳಬೇಕು. ಇವತ್ತು ನಾನು ನಿಮ್ಮ ಹೊಲದಲ್ಲಿ ಕಳೆ ಕಿತ್ತರೆ ಇನ್ನೊಂದು ದಿನ ನೀವು ನನ್ನ ಹೊಲದಲ್ಲಿ ಕೀಳಬೇಕು. ಕೂಲಿ ಇಲ್ಲ. ಯಾರ ಹೊಲವೋ ಅವರದ್ದು ಮಧ್ಯಾಹ್ನದ ಊಟ. ದಿನಕ್ಕೆ ದಿನ ತೀರಬೇಕು, ಬೇರೆ ಯಾವುದರಿಂದಲೂ ತೀರುವುದಿಲ್ಲ. ಇದು ಸರೀಕರ ನಡುವಿನ ಲೇವಾದೇವಿ. ಆದ್ದರಿಂದಲೇ ಬೀದಿಯವರು ಬೀದಿಯವರ ಜೊತೆ, ಕೇರಿಯವರು ಕೇರಿಯವರ ಜೊತೆ ಮಾತ್ರ ಮುಯ್ಯಾಳು ಮಾಡಿಕೊಳ್ಳುತ್ತಿದ್ದರು. ಕೇರಿಯಿಂದ ಬೀದಿಯವರ ಹೊಲಕ್ಕೆ ಹೋಗುವವರು ಕೂಲಿಗೇ ಹೋಗುತ್ತಿದ್ದರು. ಬೀದಿಯಿಂದ ಕೇರಿಯವರ ಹೊಲಕ್ಕೆ ಯಾರೂ ಹೋಗುತ್ತಿರಲಿಲ್ಲ. ಹೋಗಲು ಕೇರಿಯಲ್ಲಿ ಹೊಲವಿದ್ದವರೇ ಬೆರಳೆಣಿಕೆಯಷ್ಟು ಜನ.

ದೇವೀರಮ್ಮನ ಗಂಡ ಗಿಡ್ಡಯ್ಯ ಆರು ವರ್ಷ ತಾಲ್ಲೂಕು ಕಚೇರಿಗೆ ಅಲೆದು ದರಖಾಸ್ತಿನಲ್ಲಿ ಸರ್ಕಾರಿ ಜಮೀನು ಒಂದೂವರೆ ಎಕರೆ ಮಾಡಿಸಿಕೊಂಡ. ಅದಾದ ಮೂರನೆಯ ವರ್ಷ ಮುಂಗಾರು ಚೆನ್ನಾಗಿತ್ತು. ಕೇರಿಯ ಗಟ್ಟಿಯಾಳುಗಳೆಲ್ಲ ಹೆಚ್ಚು ಕೂಲಿ ಸಿಕ್ಕುತ್ತದೆಂದು ಅರೇಹಳ್ಳಿಯ ಕಡೆ ಕಾಫಿ ತೋಟಕ್ಕೆ ಹೋಗಿಬಿಟ್ಟಿದ್ದರು. ಮೇಲಿನ ಬೀದಿಯ ನಂಜುಂಡಯ್ಯ ತೆಂಗಿನ ಮರದಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದ. ನಾಲ್ಕು ಎಕರೆ ರಾಗಿ ಕಳೆಯಲ್ಲಿ ಮುಚ್ಚಿಹೋಗುತ್ತಿತ್ತು. ಆಗ ಅವನ ಹೆಂಡತಿ ಹುಚ್ಚಮ್ಮ ತಾವಾಗಿಯೇ ಕೇರಿಯ ಬಾಯಿಗೆ ಬಂದು ನಿಂತು ದೇವೀರಮ್ಮನನ್ನು ಕರೆಸಿದರು. ಕೂಲಿಗೆ ಕರೆಯಲು ಕೈಯಲ್ಲಿ ದುಡ್ಡಿರಲಿಲ್ಲ. ಹೇಳಿದ ಮಾತು ಇಷ್ಟೇ:

"ಮುಯ್ಯಾಳಿಗೆ ಬಾರೇ ದೇವೀರಿ. ನಿನ್ನ ಹೊಲಕ್ಕೆ ನಾನು ಬತ್ತೀನಿ."

ಈ ಮಾತನ್ನು ದೇವೀರಮ್ಮ ನನಗೆ ಕಡಿಮೆಯೆಂದರೆ ಹತ್ತು ಸಲ ಹೇಳಿದ್ದಾರೆ. ಪ್ರತಿ ಸಲವೂ ಒಂದೇ ಶಬ್ದಗಳು. ಅಂದು ಮನೆಗೆ ಹೋಗಿ ಗಿಡ್ಡಯ್ಯನಿಗೆ ಹೇಳಿದರೆ ಅವನು ನಂಬಲಿಲ್ಲವಂತೆ. ನಂಬದಿದ್ದವನದೇ ಸರಿಯಾಯಿತು.

ಕಳೆಗೆ ಹನ್ನೊಂದು ದಿನ, ಕೊಯ್ಲಿಗೆ ಎಂಟು ದಿನ. ಒಟ್ಟು ಹತ್ತೊಂಬತ್ತು. ಊಟಕ್ಕೆ ಇವರನ್ನು ಬೇರೆಯಾಗಿ ಹೊಂಗೆ ಮರದ ಕೆಳಗೆ ಕೂರಿಸಿ ಎಲೆಯಲ್ಲಿ ಹಾಕುತ್ತಿದ್ದರು. ಅದನ್ನು ದೇವೀರಮ್ಮ ಆಗ ಎಣಿಕೆಗೆ ತೆಗೆದುಕೊಳ್ಳಲಿಲ್ಲ. ತಡವಾಗಿ ಬಿತ್ತಿದ್ದ ಇವರ ರಾಗಿ ತಿಂಗಳ ನಂತರ ಕೊಯ್ಲಿಗೆ ಬಂತು. ಹೇಳಿ ಕಳಿಸಿದರು. ಹುಚ್ಚಮ್ಮ ಬರಲಿಲ್ಲ. ಮೂರನೆಯ ದಿನ ಒಬ್ಬ ಆಳಿನ ಕೈಯಲ್ಲಿ ಎರಡು ಕೊಳಗ ರಾಗಿಯನ್ನೂ ಹತ್ತೊಂಬತ್ತು ದಿನದ ಕೂಲಿಯನ್ನೂ ಕಳಿಸಿದರು. ದೇವೀರಮ್ಮ ಎರಡನ್ನೂ ವಾಪಸು ಕಳಿಸಿದರು. ನಾನು ಕೂಲಿಗೆ ಬಂದಿರಲಿಲ್ಲ ಎಂದು ಹೇಳು ಎಂದರು. ಆಳು ಹೋಗಿ ಹೇಳಿದ. ಹುಚ್ಚಮ್ಮ ಬೀದಿಯ ನಾಲ್ಕು ಹೆಂಗಸರ ಎದುರಿಗೆ, "ಅವಳ ಹೊಲಕ್ಕೆ ನಾನು ಕುಡುಗೋಲು ಹಿಡ್ಕೊಂಡು ಹೋಗ್ಲಾ?" ಎಂದು ನಕ್ಕರಂತೆ. ಆ ನಗು ಸಂಜೆಯೊಳಗೆ ಕೇರಿಗೆ ಬಂತು.

ಗಂಡ ಹೆಂಡತಿ ಇಬ್ಬರೇ ಕೊಯ್ದರು. ಅರ್ಧ ಕೊಯ್ಯುವುದರಲ್ಲಿ ಅಕಾಲದ ಮಳೆ ಹಿಡಿಯಿತು. ನಾಲ್ಕು ದಿನ ಬಿಡಲಿಲ್ಲ. ನಿಂತ ರಾಗಿ ತೆನೆಯಲ್ಲೇ ಮೊಳೆತು ಕಪ್ಪಾಯಿತು.

ಆ ಕಪ್ಪು ರಾಗಿಯ ಒಂದು ಹಿಡಿಯನ್ನು ತಮ್ಮ ಸೀರೆಯ ಅಂಚು ಹರಿದು ಗಂಟು ಮಾಡಿ ದೇವೀರಮ್ಮ ಗಂಟಿನಮ್ಮನ ಬಂಡೆಗೆ ಹೋದರು. ಆ ದೇವರಿಗೆ ಗುಡಿಯಿಲ್ಲ, ಪೂಜಾರಿಯಿಲ್ಲ, ಬಾಗಿಲಿಲ್ಲ. ಬಾಗಿಲಿಲ್ಲದ ಕಡೆ ತಡೆಯುವವರೂ ಇರುವುದಿಲ್ಲ. ಬಂಡೆಯ ಪಕ್ಕ ಒಂದು ಮುದಿ ಆಲ. ಅದರ ಬಿಳಲುಗಳ ತುಂಬ ನೂರಾರು ಬಟ್ಟೆಗಂಟುಗಳು. ಒಂದೊಂದೂ ಒಂದೊಂದು ಬಾಕಿ. ಕಟ್ಟಿದ ಮೇಲೆ ಕಟ್ಟಳೆಯಿದೆ: ಬಾಕಿ ಇಟ್ಟುಕೊಂಡವರನ್ನು ಕಟ್ಟಿದವರು ಮತ್ತೆ ಕೇಳಬಾರದು. ಏನು ಬೇಕೆಂದು ಬಾಯಿ ಬಿಟ್ಟು ಹೇಳಬಾರದು, ಬೇರೆಯವರ ಮೂಲಕ ಹೇಳಿಸಲೂ ಬಾರದು. ಅವರ ಮನೆಯ ನೀರು ಕುಡಿಯಬಾರದು. ಇನ್ನು ಕೇಳುವವಳು ಅಮ್ಮ. ಕೇಳಿದರೆ ದೂರು ತಿರುಗಿ ಕಟ್ಟಿದವರ ಮೇಲೇ ಬೀಳುತ್ತದೆ. ಬಿಚ್ಚುವುದಾದರೆ ಕಟ್ಟಿದವರೇ ಬಿಚ್ಚಬೇಕು, ಖಾಲಿ ಹೊಟ್ಟೆಯಲ್ಲಿ, ಹೊತ್ತು ನೆತ್ತಿಗೆ ಬರುವ ಮುಂಚೆ. ಬಿಚ್ಚಿದರೆ ಬಾಕಿ ಬಿಟ್ಟಂತೆ.

ಇಪ್ಪತ್ತನಾಲ್ಕು ವರ್ಷ ದೇವೀರಮ್ಮ ಈ ಕಟ್ಟಳೆ ಮುರಿಯಲಿಲ್ಲ. ಬಾಣಾವರದ ಸಂತೆಗೆ ಇಬ್ಬರೂ ಒಂದೇ ಟೆಂಪೋದಲ್ಲಿ ಹೋಗುತ್ತಿದ್ದರು. ಹುಚ್ಚಮ್ಮ ಚೆನ್ನಾಗಿದೀಯಾ ಎನ್ನುವರು, ಇವರು ಹೂಂ ಎನ್ನುವರು. ನಂಜುಂಡಯ್ಯ ತೀರಿಹೋದಾಗ ಹೋಗಿ ಅಂಗಳದಲ್ಲಿ ಕೂತು, ಕೊಟ್ಟ ನೀರನ್ನು ಕುಡಿಯದೆ ಎದ್ದು ಬಂದರು. ಆಮೇಲೆ ಗಿಡ್ಡಯ್ಯನೂ ತೀರಿಕೊಂಡ. ಅಮ್ಮನಿಗೆ ಒಪ್ಪಿಸಿದ ಮೇಲೆ ಮನಸ್ಸು ಹಗುರವಾಗಬೇಕಿತ್ತಲ್ಲ ಎಂದು ನಾನು ಒಮ್ಮೆ ಕೇಳಿದೆ. ಒಪ್ಪಿಸಿದ ಹೊರೆ ತಲೆ ಮೇಲೇ ಇತ್ತು, ಇಳಿಸುವ ಹಾಗಿರಲಿಲ್ಲ ಅಷ್ಟೆ, ಎಂದರು.

ಹೋದ ವರ್ಷ ಜ್ಯೇಷ್ಠದಲ್ಲಿ ಹುಚ್ಚಮ್ಮ ಬಾಣಾವರ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಕುಸಿದು ಬಿದ್ದರು. ಲಕ್ವ. ಹಾಸನದ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ. ಜೀವ ಉಳಿಯಿತು, ಕಾಲು ಎಳೆದುಕೊಂಡು ನಡೆಯುವಷ್ಟಾಯಿತು, ಬಲಗೈ ಮಾತ್ರ ಬರಲಿಲ್ಲ. ಕುಡುಗೋಲು ಹಿಡಿಯುವ ಕೈ.

ಊರು ಬಾಯಿ ಬಿಟ್ಟಿತು. ಇಷ್ಟು ವರ್ಷ ಯಾರೂ ನೆನೆಯದ ಗಂಟು ಈಗ ಎಲ್ಲರಿಗೂ ನೆನಪಾಯಿತು. ಕೇರಿಯಲ್ಲಿ ಕೆಲವರು ದೇವೀರಮ್ಮನನ್ನು ಹೊಗಳಿದರು, ನಿನ್ನ ಗಂಟಿನಮ್ಮ ಗಟ್ಟಿಗಿತ್ತಿ ಎಂದರು. ಹೊಗಳಿಕೆ ಕೇಳಿದ ದಿನದಿಂದ ಅವರು ಒಂದು ಕಡೆ ಕೂರದವರಾದರು. ಒಲೆಯ ಮುಂದೆ ಕೂತವರು ಎದ್ದು ಹೊಲಕ್ಕೆ ಹೋಗುವರು, ಹೊಲಕ್ಕೆ ಹೋದವರು ಬದುವಿನಿಂದಲೇ ತಿರುಗುವರು. ಚೀಲಕ್ಕೆ ಸೀರೆ ತುಂಬಿ ಅರಸೀಕೆರೆಗೆ ಮಗನ ಮನೆಗೆ ಬಂದು, ಸೊಸೆ ಲತಾಮಣಿ ಕಾಫಿ ಕಾಸುವುದರೊಳಗೆ ಮತ್ತೆ ಬಸ್‌ಸ್ಟ್ಯಾಂಡಿಗೆ ಹೊರಡುವರು.

ಹುಚ್ಚಮ್ಮನ ಮಗ ಶರತ್ ಅರಸೀಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ದೇವರ ವಿಷಯದಲ್ಲಿ ಹೆಚ್ಚು ನಂಬಿಕೆಯವನಲ್ಲ, ಆದರೆ ತಾಯಿ ನಂಬಿದ್ದರು. ಅವನು ಕೇರಿಗೆ ಬಂದ. ಹತ್ತೊಂಬತ್ತು ದಿನಕ್ಕೆ ಈಗಿನ ಕೂಲಿಯ ಲೆಕ್ಕದಲ್ಲಿ ದುಡ್ಡು ತಂದಿದ್ದ. ದೇವೀರಮ್ಮ ತಲೆ ಅಲ್ಲಾಡಿಸಿದರು. ಎರಡು ಪಟ್ಟು ಎಂದ. ತಲೆ ಅಲ್ಲಾಡಿಸಿದರು. ಇನ್ನೊಂದು ಸಲ ಬಂದಾಗ ರೇಷ್ಮೆ ಸೀರೆ ತಂದ. ಮತ್ತೊಂದು ಸಲ, ನಿಮ್ಮ ಹೊಲಕ್ಕೆ ಹೋಗುವ ದಾರಿ ನಮ್ಮ ಜಮೀನಿನಲ್ಲಿ ಹಾಯುತ್ತದಲ್ಲ, ಅದನ್ನು ಬರೆದುಕೊಡುತ್ತೇವೆ ಎಂದ. ಅವನ ತಾಳ್ಮೆ ಮುಗಿಯಿತು. "ಏನು ಬೇಕು ಅಂತ ಒಂದು ಮಾತು ಹೇಳ್ರಿ ನೀವು, ಸಾಕು" ಎಂದ. ಆ ಒಂದು ಮಾತನ್ನೇ ಅವರು ಹೇಳುವಂತಿರಲಿಲ್ಲ.

ಇದನ್ನು ಸಿದ್ಧಾರ್ಥ ದುರಹಂಕಾರ ಎಂದುಕೊಂಡ. ತಾಯಿಯ ಮೇಲೆ ರೇಗಿದ. ಲಕ್ವ ಬಂದದ್ದು ರಕ್ತದ ಒತ್ತಡದಿಂದ, ಹುಚ್ಚಮ್ಮ ಮಾತ್ರೆ ನುಂಗದೆ ಬಿಟ್ಟಿದ್ದರಿಂದ; ಯಾವ ಅಮ್ಮನೂ ಯಾರ ಕೈಯನ್ನೂ ತೆಗೆದಿಲ್ಲ; ಆದರೂ ಹೋಗಿ ಆ ಚಿಂದಿ ಬಿಚ್ಚಿ ಎಸೆದು ಬಾ, ಊರಿನ ಬಾಯಿ ಮುಚ್ಚಲಿ ಎಂದ. ನಂಬಿಕೆಯಿಲ್ಲದವನು ಬಿಚ್ಚು ಎನ್ನುತ್ತಿದ್ದ, ನಂಬಿಕೆಯಿದ್ದವರಿಗೆ ಬಿಚ್ಚಲು ಆಗುತ್ತಿರಲಿಲ್ಲ. ಈ ನಡುವೆ ಶರತ್, ಗೌರಿ ಹಬ್ಬ ಕಳೆದ ಮೇಲೆ ತಾಯಿಯನ್ನು ಬೇಲೂರಿನಲ್ಲಿರುವ ಅಕ್ಕ ಉಷಾರಾಣಿಯ ಮನೆಗೆ ಕಳಿಸಿಬಿಡುವುದೆಂದು ಗೊತ್ತು ಮಾಡಿದ. ಅಲ್ಲಿಗೆ ಹೋದರೆ ಹುಚ್ಚಮ್ಮ ಊರಿಗೆ ವಾಪಸು ಬರುವುದು ಅನುಮಾನವಿತ್ತು.

ದೇವೀರಮ್ಮ ಬಸ್ಸು ಹತ್ತತೊಡಗಿದ್ದು ಆಗ. ಮೊದಲ ಸಲ ನೂರಾರು ಗಂಟುಗಳಲ್ಲಿ ತಮ್ಮದು ಸಿಗಲಿಲ್ಲ. ಎರಡನೆಯ ಸಲ ಸಿಕ್ಕಿತು, ಆದರೆ ನೋಡುತ್ತ ನಿಂತು ಹೊತ್ತು ನೆತ್ತಿಗೆ ಬಂದುಬಿಟ್ಟಿತು. ಮೂರನೆಯ ಸಲ ನಾವಿಬ್ಬರೂ ಒಂಬತ್ತಕ್ಕೇ ಅಲ್ಲಿದ್ದೆವು. ಗಂಟಿನ ಬಣ್ಣ ಹೋಗಿ ಬಿಳಲಿನ ಬಣ್ಣವೇ ಆಗಿತ್ತು. ದೇವೀರಮ್ಮ ಅದರ ಕೆಳಗೆ ನಿಂತರು, ಬಂಡೆಯ ಸುತ್ತ ಒಂದು ಸುತ್ತು ಬಂದರು, ಮತ್ತೆ ನಿಂತರು. ಕೈ ಎತ್ತಿದರು, ಇಳಿಸಿದರು.

"ಮೇಡಮ್ಮೋರೆ, ನೀವು ಓದ್ದೋರು. ಅಮ್ಮ ಮಾಡಿದ್ದಾ, ಅಲ್ವಾ?"

ನಾನು ಸಿದ್ಧಾರ್ಥ ಹೇಳಿದ್ದನ್ನೇ ಹೇಳಿದೆ. ರಕ್ತದ ಒತ್ತಡ.

"ಹಂಗಾದ್ರೆ ಇಪ್ಪತ್ನಾಲ್ಕು ವರ್ಷ ಅಮ್ಮ ನನ್ನ ದೂರು ಕೇಳೇ ಇಲ್ಲ. ಮಾಡಿದ್ದು ಅಮ್ಮನೇ ಅಂದ್ರೆ, ಹತ್ತೊಂಬತ್ತು ದಿನಕ್ಕೆ ಒಂದು ಕೈ ಜಾಸ್ತಿ ಆಯ್ತು. ಯಾವುದನ್ನ ನಂಬ್ಲಿ?"

ದೇವರ ನ್ಯಾಯವನ್ನು ನಂಬುತ್ತೇನೆ ಎನ್ನುವವರಲ್ಲಿ ಹೆಚ್ಚಿನವರು ಈ ಪ್ರಶ್ನೆಯ ಹತ್ತಿರ ಬರುವುದಿಲ್ಲ. ಶಿಕ್ಷೆ ಬಂದರೆ ಕೈಮುಗಿಯುತ್ತಾರೆ, ಬರದಿದ್ದರೆ ಕಾಯುತ್ತಾರೆ. ಶಿಕ್ಷೆಯ ತೂಕ ಸರಿಯಿದೆಯೇ ಎಂದು ತಕ್ಕಡಿ ಹಿಡಿದು ನೋಡಿದವರನ್ನು ನಾನು ಕಂಡದ್ದು ಅದೇ ಮೊದಲು.

ಬಿಚ್ಚದೆಯೇ ವಾಪಸು ಬಂದೆವು. ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಕೂತು ಸೀರೆಯ ಸೆರಗನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. ಬೇಕಾದ್ದನ್ನು ಹುಚ್ಚಮ್ಮನನ್ನೇ ಕೇಳಿಬಿಡಿ ಎಂದೆ. ಗಂಟು ಇರುವವರೆಗೆ ಕೇಳುವ ಹಾಗಿಲ್ಲ ಎಂದರು. ಹಾಗಾದರೆ ಬಿಚ್ಚಿ ಎಂದೆ. ಬಿಚ್ಚಿದರೆ ಬಿಟ್ಟಂತೆ, ಆಮೇಲೆ ಕೇಳುವುದೇನು ಎಂದರು. ಹಾರನಹಳ್ಳಿ ಹತ್ತಿರ ಬಂದಾಗ, ನನ್ನನ್ನಲ್ಲ, ಕಿಟಕಿಯನ್ನು ಕೇಳಿದಂತೆ ಕೇಳಿದರು:

"ಅಮ್ಮ ಬಿಟ್ರೆ ನಾನೂ ಬಿಡ್ಬೇಕು ಅಂತ ಯಾರು ಹೇಳಿದ್ದು?"

ನಾಲ್ಕನೆಯ ಸಲ ಯಾರಿಗೂ ಹೇಳದೆ ಮೊದಲ ಬಸ್ಸಿಗೆ ಹೋದರು. ಗಂಟು ಬಿಚ್ಚುವ ಶ್ರಮ ಬೀಳಲಿಲ್ಲ. ಕೈಯಿಟ್ಟರೆ ಬಟ್ಟೆ ಹರಿದು ಬಂತು. ಒಳಗೆ ರಾಗಿಯಿರಲಿಲ್ಲ, ಹುಳು ತಿಂದು ಬಿಟ್ಟ ಹೊಟ್ಟು ಇತ್ತು. ಅದನ್ನು ಬಂಡೆಯ ಮೇಲೆ ಕೊಡವಿ ಅಮ್ಮನಿಗೆ, ನೀನು ಕೈ ತೆಗಿ, ಇನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿದರಂತೆ. ಕೈ ಮುಗಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಅಲ್ಲಿಂದ ನೆಟ್ಟಗೆ ಬಂದದ್ದು ಮೇಲಿನ ಬೀದಿಗೆ. ಹುಚ್ಚಮ್ಮನ ಮೊಮ್ಮಗಳು ಸಿರಿ ಅಂದು ಕಾಲೇಜಿಗೆ ಹೋಗಿರಲಿಲ್ಲ. ನಡೆದದ್ದನ್ನು ಅವಳೂ ಹೇಳಿದ್ದಾಳೆ, ದೇವೀರಮ್ಮನೂ ಹೇಳಿದ್ದಾರೆ. ಎರಡೂ ಒಂದೇ ಆದ್ದರಿಂದ ಬರೆಯುತ್ತಿದ್ದೇನೆ. ಹುಚ್ಚಮ್ಮ ಜಗುಲಿಯಲ್ಲಿ ಮಂಚದ ಮೇಲಿದ್ದರು. ಬೇಲೂರಿಗೆಂದು ತುಂಬಿಟ್ಟ ಬ್ಯಾಗು ಪಕ್ಕದಲ್ಲಿತ್ತು. ದೇವೀರಮ್ಮ ಅಂಗಳದಲ್ಲಿ ನಿಂತರು.

"ಗಂಟು ಬಿಚ್ಚಿ ಬಂದೆ ಕಣವ್ವಾ."

ಹುಚ್ಚಮ್ಮನ ಕಣ್ಣಲ್ಲಿ ನೀರು ಬಂತಂತೆ. ಸಿರಿಯನ್ನು ಕರೆದು ಕಾಫಿ ತರಲು ಹೇಳಿದರು. ದೇವೀರಮ್ಮ ನಿಂತೇ ಇದ್ದರು.

"ಕಾಫಿ ಆಮೇಲೆ. ಹತ್ತೊಂಬತ್ತು ದಿನ ಐತೆ. ನಮ್ಮ ರಾಗಿ ಕಳೆಗೆ ಬಂದೈತೆ. ಯಾವತ್ತು ಬತ್ತೀರಿ?"

ಒಳಗಿದ್ದ ಶರತ್ ಹೊರಗೆ ಬಂದ. ಕಾಯಿಲೆಯವರ ಹತ್ತಿರ ಆಡುವ ಮಾತೇ ಇದು ಎಂದು ಕೂಗಾಡಿದ. ದುಡ್ಡು ಕೊಡುತ್ತೇನೆ, ಹತ್ತೊಂಬತ್ತಲ್ಲ ನಲವತ್ತು ಆಳು ಕಳಿಸುತ್ತೇನೆ ಎಂದ. ಸಿರಿ, ಅಜ್ಜಿಯ ಬದಲು ನಾನೇ ಬರುತ್ತೇನೆ ಎಂದಳು. ದೇವೀರಮ್ಮ ಇಬ್ಬರ ಕಡೆಗೂ ನೋಡಲಿಲ್ಲ. ಹುಚ್ಚಮ್ಮ ಮಡಿಲಲ್ಲಿ ಬಿದ್ದಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ತೋರಿಸಿದರು.

"ಇದರಲ್ಲಾ?"

"ಎಡದ್ದು ಐತಲ್ಲ."

ಹುಚ್ಚಮ್ಮ ಕೈಯನ್ನು ಮತ್ತೆ ಮಡಿಲಿಗೆ ಇಳಿಸಿ ಕೇಳಿದರು:

"ಊಟಕ್ಕೆ ಏನು ಮಾಡ್ತೀಯೆ?"

"ಮುದ್ದೆ, ಬಸ್ಸಾರು."

"ಬುಧವಾರ ಬತ್ತೀನಿ" ಎಂದರು ಹುಚ್ಚಮ್ಮ. ಶರತ್‌ನ ಕಡೆ ತಿರುಗಿ, ಬ್ಯಾಗನ್ನು ಒಳಗಿಡು ಎಂದರು. ದೇವೀರಮ್ಮ ಆಗ ಜಗುಲಿಯ ಅಂಚಿನಲ್ಲಿ ಕೂತು ಕಾಫಿ ಕುಡಿದರು. ಬೆಳಗಿನಿಂದ ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ಬುಧವಾರ ನಾನೂ ಹೋಗಿದ್ದೆ. ಹುಚ್ಚಮ್ಮ ಆಟೋದಲ್ಲಿ ಬಂದರು. ಸಿರಿ ಪ್ಲಾಸ್ಟಿಕ್ ಕುರ್ಚಿ ತಂದಿದ್ದಳು. ಅದನ್ನು ಬದುವಿನ ಮೇಲೆ ಬಿಟ್ಟು, ಗೋಣಿಚೀಲ ಹಾಸಿಸಿಕೊಂಡು ಸಾಲಿನಲ್ಲಿ ಕೂತರು. ಕೇರಿಯ ಹೆಂಗಸರು, ಬೀದಿಯ ಕೆಲವರು ಬೇರೇನೋ ಕೆಲಸವಿದ್ದವರಂತೆ ಬದುವಿನ ಮೇಲೆ ಹಾದುಹೋದರು, ಮತ್ತೆ ಅದೇ ಕೆಲಸಕ್ಕೆ ವಾಪಸು ಹಾದುಹೋದರು. ಎಡಗೈಗೆ ಅಭ್ಯಾಸವಿಲ್ಲ. ಕಾಡುರಾಗಿಗೂ ಪೈರಿಗೂ ಎಳೆಯದರಲ್ಲಿ ಅಂಥ ವ್ಯತ್ಯಾಸವಿಲ್ಲ. ಹುಚ್ಚಮ್ಮ ಮೊದಲು ಕಿತ್ತದ್ದೇ ಪೈರು.

"ಅದು ರಾಗಿ ಕಣವ್ವಾ. ಕಳೆ ಪಕ್ಕದ್ದು."

"ನಂಗೆ ಹೇಳ್ಕೊಡ್ತೀಯೇನೇ ನೀನು?"

"ಕಿತ್ತಿದ್ದನ್ನ ನೋಡ್ಕೊಳ್ಳಿ ಕೈಯಲ್ಲಿ."

ನೋಡಿಕೊಂಡರು. ಕಿತ್ತ ಪೈರನ್ನು ಮತ್ತೆ ಮಣ್ಣಿಗೆ ಒತ್ತಿದರು. ಮಧ್ಯಾಹ್ನದವರೆಗೆ ಅವರಿಂದ ಆದದ್ದು ಒಂದು ಸಾಲಿನ ಕಾಲುಭಾಗ. ಅಷ್ಟರಲ್ಲಿ ದೇವೀರಮ್ಮ ಆರು ಸಾಲು ಮುಗಿಸಿದ್ದರು. ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ಹುಚ್ಚಮ್ಮ ಚಮಚದಲ್ಲಿ ಮುದ್ದೆ ಮುರಿದು ತಿಂದರು, ಸಾರಿಗೆ ಉಪ್ಪು ಸಾಲದು ಎಂದರು. ಮುಯ್ಯಾಳಿಗೆ ಬಂದವರಿಗೆ ಹೀಗೆ ಹೇಳುವ ಹಕ್ಕಿದೆ. ದೇವೀರಮ್ಮ ಉಪ್ಪಿನ ಡಬ್ಬಿಯನ್ನು ಅವರ ಕಡೆ ಸರಿಸಿದರು.

ಸಂಜೆ ಆಟೋ ಬಂದಾಗ ಹುಚ್ಚಮ್ಮ ಏಳಲಾರದೆ ಸಿರಿಯ ಭುಜ ಹಿಡಿದುಕೊಂಡು ನಿಂತರು.

"ಗಂಟು ಬಿಚ್ಚಿದ್ಯಲ್ಲ ದೇವೀರಿ. ಮುಗೀತಲ್ಲ."

"ಅಮ್ಮಂದು ಮುಗೀತು. ನಂದು ಹದಿನೆಂಟು ಐತೆ."

ಹುಚ್ಚಮ್ಮ ಆಟೋ ಹತ್ತಿದರು. ಅವರು ಮತ್ತೆ ಬರುವುದಿಲ್ಲ ಎಂದು ನಾನು ಸಿದ್ಧಾರ್ಥನಿಗೆ ಫೋನಿನಲ್ಲಿ ಹೇಳಿದೆ. ಶುಕ್ರವಾರ ಬಂದರು. ಕಳೆ ಮುಗಿಯುವುದರೊಳಗೆ ಒಟ್ಟು ಐದು ದಿನ ಬಂದರು. ಬಲಗೈ ಸರಿಹೋಗಲಿಲ್ಲ. ಸರಿಹೋಗುತ್ತದೆಂದು ಊರಿನಲ್ಲಿ ಹಲವರು ಕಾದರು, ಆಮೇಲೆ ಸುಮ್ಮನಾದರು. ದೇವೀರಮ್ಮ ಮಾತ್ರ ಸುಮ್ಮನಾಗಲಿಲ್ಲ. ಅಮ್ಮ ಕೈ ತೆಗೆದ ಮೇಲೂ ಹಾಗೇ ಇದೆ ಅಂದರೆ ಅದು ಅಮ್ಮನದಲ್ಲ ಅಂತಲೋ, ಅಥವಾ ಕೊಟ್ಟದ್ದನ್ನು ವಾಪಸು ತೆಗೆಯಲು ಅಮ್ಮನಿಗೂ ಬರುವುದಿಲ್ಲ ಅಂತಲೋ ಎಂದು ನನ್ನನ್ನು ಎರಡು ಸಲ ಕೇಳಿದ್ದಾರೆ. ಈಗಲೂ ಕಾಫಿ ಕಾಸುವುದರೊಳಗೆ ಎದ್ದು ಹೊರಡುತ್ತಾರೆ.

ಸಿದ್ಧಾರ್ಥ ತಾಯಿಯನ್ನು ಕೂರಿಸಿಕೊಂಡು ಲೆಕ್ಕ ಹಾಕಿ ತೋರಿಸಿದ. ಹುಚ್ಚಮ್ಮನಿಗೆ ಎಪ್ಪತ್ತೆರಡು. ಇನ್ನೂ ಹದಿನಾಲ್ಕು ದಿನ. ಕೊಯ್ಲಿಗೆ ಈಗ ಮೆಷಿನ್ನು ಬರುತ್ತದೆ, ಒಂದೂವರೆ ಎಕರೆ ಒಂದು ಗಂಟೆಯ ಕೆಲಸ. ಕೂತು ತೀರಿಸಲು ದಿನಗಳೇ ಇರುವುದಿಲ್ಲ. ಉಳಿದದ್ದನ್ನು ಬಿಟ್ಟುಬಿಡು, ಕ್ಷಮೆ ದೊಡ್ಡದು ಎಂದ. ಕ್ಷಮಿಸದಿದ್ದರೆ ಬಿಚ್ಚುತ್ತಿದ್ದೆನೇ ಎಂದು ದೇವೀರಮ್ಮ ಕೇಳಿದರು. ಅವನಿಗೆ ಅದು ಅರ್ಥವಾಗಲಿಲ್ಲ. ಲೋಕದಲ್ಲಿ ಕ್ಷಮೆಯನ್ನೂ ಮನ್ನಾವನ್ನೂ ಒಂದೇ ಎಂದುಕೊಂಡವರು ಬಹಳ. ಹಾಗೆ ಅಂದುಕೊಳ್ಳುವುದರಿಂದ ಬಾಕಿಯಿಟ್ಟುಕೊಂಡವರಿಗೆ ಅನುಕೂಲ.

ಮಾರ್ಗಶಿರದಲ್ಲಿ ಕೊಯ್ಲು. ಮೆಷಿನ್ನಿನ ಚನ್ನೇಶ ಹೊಲಕ್ಕೆ ಇಳಿಯುವ ಮುಂಚೆ ದೇವೀರಮ್ಮ ಮೂಡಣ ಬದುವಿಗೆ ಸೇರಿದ ನಾಲ್ಕು ಸಾಲಿನ ಉದ್ದಕ್ಕೂ ಸೊಪ್ಪಿನ ಕಡ್ಡಿ ನೆಟ್ಟರು. ಅದರಾಚೆ ಬರಬೇಡ ಎಂದರು. ಬಾಡಿಗೆ ಅಷ್ಟೇ ಆಗುತ್ತದೆ, ಕಮ್ಮಿ ಮಾಡುವುದಿಲ್ಲ ಎಂದು ಅವನು ಹೇಳಿದ. ಮಾಡಬೇಡ ಎಂದರು. ಅವನು ತಲೆ ಕೆರೆದುಕೊಂಡು ಮಿಕ್ಕಿದ್ದನ್ನು ಕೊಯ್ದು ಹೋದ.

ಬೋಳು ಹೊಲದ ಅಂಚಿನಲ್ಲಿ ನಾಲ್ಕು ಸಾಲು ರಾಗಿ ತೆನೆ ಬಾಗಿ ನಿಂತಿತ್ತು. ಮಳೆ ಬಂದರೆ ಕಪ್ಪಾಗುವ ರಾಗಿ. ದೇವೀರಮ್ಮ ಮೋಡ ನೋಡಿದರು, ದಾರಿ ನೋಡಿದರು, ಮತ್ತೆ ಮೋಡ ನೋಡಿದರು. ಮಡಿಲಲ್ಲಿ ಎರಡು ಕುಡುಗೋಲು ಇದ್ದವು. ಒಂದಕ್ಕೆ ಎಡಗೈಗೆ ಹೊಂದುವಂತೆ ಹಾರನಹಳ್ಳಿಯ ಕುಲುಮೆಯಲ್ಲಿ ಹಲ್ಲು ಹಾಕಿಸಿಕೊಂಡು ತಂದಿದ್ದರು. ಒಂಬತ್ತೂವರೆಗೆ ಮೇಲಿನ ಬೀದಿಯ ಕಡೆಯಿಂದ ಆಟೋ ಸದ್ದು ಕೇಳಿತು. ಅವರು ಎದ್ದು ಸಾಲಿನ ತಲೆಗೆ ಗೋಣಿಚೀಲ ಹಾಸಿದರು.